ಕೋಣೆಯ ಸದ್ದು

ಕ್ಯಾಮೆರಾದವರು ಮುಖ ಹಿಡಿದರು, ನಾನು ಸದ್ದು.
ಮಿಲ್ವಾಕಿಯ ಉತ್ತರ ದಿಕ್ಕಿಗೆ, ಒಂದು ಕಾಲದ ಲಾಂಡ್ರಿ.
ನೆಲದಲ್ಲಿ ಇನ್ನೂ ಇವೆ ಬೋಲ್ಟಿನ ತೂತು, ನಾಲ್ಕು ನಾಲ್ಕು,
ಹಲ್ಲು ಕಿತ್ತ ವಸಡಿನ ಹಾಗೆ.
ಬಟ್ಟೆ ಒಣಗಿಸುವ ಯಂತ್ರಗಳಲ್ಲಿ ಮೂರನ್ನು ಮಾತ್ರ ಉಳಿಸಿದ್ದಾರೆ:
ಗಾಜಿನ ಗುಂಡು ಬಾಗಿಲ ಹಿಂದೆ ಈಗ
ಬಣ್ಣದ ಡಬ್ಬಿ, ಹಳೇ ಟವೆಲು,
ಯಾರದೋ ಮಗುವಿನ ಒಂಟಿ ಬೂಟು.

ವರ್ನೆಟ್ಟಾ ಪಿಕೆನ್ಸ್‌ಗೆ ಎಪ್ಪತ್ತೊಂದು.
ಐವತ್ತು ವರ್ಷ ಬೋರ್ಡು ಬರೆದ ಕೈ:
ಕ್ಷೌರದಂಗಡಿ, ಕರಿದ ಮೀನು, ಟೈರು ರಿಪೇರಿ,
ಎರಡು ಚರ್ಚು, ಹೆಣ ಸಿಂಗರಿಸುವವರ ಒಂದು ಮನೆ.
ಯಾವುದರ ಕೆಳಗೂ ತನ್ನ ಹೆಸರು ಬರೆದವಳಲ್ಲ.
"ಹೆಸರು ಅಂಗಡಿಯವನದು, ಬಾಲ ನನ್ನದು"
ಎನ್ನುತ್ತಾಳೆ. ಅಕ್ಷರದ ಕೊನೆಯನ್ನು
ತುಸು ಕೊಂಕಿಸಿ ಮೇಲಕ್ಕೆತ್ತುವ ಆ ಬಾಲ.
ಇಡೀ ಬೀದಿ ಅವಳ ಸಹಿ ಓದಿಕೊಂಡೇ ಮೀನು ತಿಂದಿದೆ.

ಆಂಬ್ರೋಸ್ ನಮ್ಮ ನಿರ್ದೇಶಕ, ಇದೇ ಬೀದಿಯ ಹುಡುಗ.
ಅವನಿಗೆ ಬೇಕಾದದ್ದು ಏಳು ನಿಮಿಷದ ಚಿತ್ರ,
ಹಣ ಕೊಟ್ಟವರಿಗೆ ಆ ಏಳರೊಳಗೆ ಒಂದು ಕಣ್ಣೀರು.
"ಕಪ್ಪು ಹೆಂಗಸಾಗಿ ಈ ಊರಿನಲ್ಲಿ..." ಎಂದು
ಅವರು ಕಳಿಸಿದ ಪ್ರಶ್ನೆಯನ್ನು ಕಾಗದ ನೋಡಿ ಓದಿದ, ಮುಖ ತಗ್ಗಿಸಿ.
"ಅದನ್ನು ಎಲ್ಲರೂ ಕೇಳುತ್ತಾರೆ, ಮಗಾ.
ಅಳಿಲ ಕೂದಲಿನ ಕುಂಚಕ್ಕೆ ಈಗ ಎಷ್ಟು ಡಾಲರು, ಅದನ್ನು ಕೇಳು.
ಬಿಸಿಲಿಗೆ ಮೊದಲು ಸೋಲುವುದು ಕೆಂಪೇ ಯಾಕೆ, ಅದನ್ನು ಕೇಳು."
ಅವನು ಕೇಳಲಿಲ್ಲ.
ನನಗೆ ಕೇಳಿಸಿತು.

ಎಲ್ಲ ಮುಗಿದ ಮೇಲೆ ನನ್ನ ಪಾಲಿಗೆ ಒಂದು ನಿಮಿಷ.
ಕೋಣೆ ಕೋಣೆಗೂ ಅದರದೇ ಮೌನ ಉಂಟು,
ಮಾತು ಕತ್ತರಿಸಿದ ಕಡೆಯಲ್ಲೆಲ್ಲ
ತೇಪೆ ಹಾಕಲು ಅದು ಬೇಕು.
"ಇದ್ದಲ್ಲೇ ಇರಿ, ಉಸಿರು ಸಣ್ಣಗೆ" ಎಂದೆ.

ಹದಿನಾಲ್ಕು ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡರು,
ಬೀಗದ ಕಿಂಡಿಯಿಂದ ನಗು ಸೋರಿತು.
ಮಂಗಳವಾರದ ಮೋಂಗ್ ಕಸೂತಿಯ ಪಾ ಕೂ ಶ್ಯೊಂಗ್
ಸೂಜಿಯನ್ನು ಗಾಳಿಯಲ್ಲೇ ನಿಲ್ಲಿಸಿದಳು.
ನನ್ನ ಕಿವಿಗೆ ಫ್ರಿಜ್ಜಿನ ಗೊಣಗು,
ಬಿಸಿನೀರಿನ ಕೊಳವೆಯ ಮೊಣಕಾಲು ನೋವು,
ಹೊರಗೆ ಬಸ್ಸು ಮಂಡಿಯೂರಿ ಒಬ್ಬ ಮುದುಕನನ್ನು ಇಳಿಸಿದ್ದು,
ಯಾರದೋ ಹೊಟ್ಟೆ,
ಆಮೇಲೆ, ಸರ್... ಸ್... ಸರ್...
ವರ್ನೆಟ್ಟಾ ಕುಂಚ ನಿಲ್ಲಿಸಿರಲಿಲ್ಲ.
ಎಡಗಿವಿ ಮಂದವೋ, ಬೇಕೆಂದೇ ಹಟವೋ.
ನಾನು ಕೈ ಎತ್ತಬೇಕಿತ್ತು. ಎತ್ತಲಿಲ್ಲ.

"ನಿನ್ನ ಮೌನದಲ್ಲಿ ಕೊಳೆ ಇದೆ" ಎಂದಳು ಸಂಕಲನದವಳು, "ತೆಗೆಯಲೇ?"
"ಲಾಂಡ್ರಿ ಅಲ್ಲವೇ, ಇರಲಿ ಬಿಡು" ಎಂದೆ.
ಹೀಗೆ ಏಳೂ ನಿಮಿಷದ ಅಡಿಯಲ್ಲಿ,
ಒಂದೊಂದು ಮಾತಿನ ಕೆಳಗೂ,
ಅವಳು ಬರೆಯುತ್ತಲೇ ಇದ್ದಾಳೆ.

ತೋರಿಸಿದ್ದು ಅಲ್ಲೇ, ಬೆಡ್‌ಶೀಟು ಕಟ್ಟಿ.
ಏಳು ನಿಮಿಷಕ್ಕೆ ಅರ್ಧ ಗಂಟೆ ಹಿಡಿಯಿತು,
"ನಿಲ್ಲಿಸು, ಅದು ನಮ್ಮಪ್ಪನ ಅಂಗಡಿ!"
"ಹಿಂದಕ್ಕೆ ಹೋಗು, ನನ್ನ ಕೂದಲು ನೋಡಬೇಕು!"
ಅವಳ ಹೆಗಲ ಹಿಂದೆ, ಗೋಡೆಯಲ್ಲಿ, ಬಾಡಿಗೆ ಏರಿಸಿದ ನೋಟೀಸು;
ಕ್ಯಾಮೆರಾಕ್ಕೆ ಅದು ಮಸುಕು.
ಅಕ್ಷರ ಕಾಣದಿದ್ದರೂ ಮಕ್ಕಳು ಗಟ್ಟಿಯಾಗಿ ಓದಿದರು.
ಒಂದು ಗಳಿಗೆ ಯಾರೂ ಏನೂ ಅನ್ನಲಿಲ್ಲ.
ಆ ಸದ್ದನ್ನು ನಾನು ಹಿಡಿದಿಲ್ಲ.

ಕೊನೆಗೆ ಹೆಸರುಗಳು ಏರತೊಡಗಿದಾಗ
ಅವಳು ಕನ್ನಡಕ ಸರಿಮಾಡಿಕೊಂಡು ಗದರಿದಳು,
"ಅಕ್ಷರಗಳ ನಡುವೆ ಗಾಳಿಗೇ ಜಾಗವಿಲ್ಲ.
ಇದರಲ್ಲಿ ನಿಂದು ಯಾವುದು?"
ತೋರಿಸಿದೆ, ಎಲ್ಲಕ್ಕೂ ಕೆಳಗೆ, ಸಣ್ಣದು.
ಬಗ್ಗಿ ನೋಡಿದಳು.
"ಬಾಲವೇ ಇಲ್ಲವಲ್ಲೋ" ಎಂದಳು.