ಬೀಸಾ

ಸಿಂಧನೂರಿನ ಗಂಗಾವತಿ ರಸ್ತೆಗೆ, ಗೊಬ್ಬರದ ಅಂಗಡಿ ಮಗ್ಗುಲಿಗೆ
ನನ್ನ ಝೆರಾಕ್ಸು. ಪಹಣಿ, ಆಧಾರು, ಬೆಳೆ ವಿಮೆ, ಜಾತಿ ಪತ್ರ.
ಇಂಥಲ್ಲಿಗೆ ಮೂರನೇ ಕ್ಯಾಂಪಿನ ಕಾನನಬಾಲಾ ಮೃಧಾ
ಕೊಡೆಯನ್ನು ಬಾಗಿಲಿಗೆ ಸಿಗಿಸಿ ಒಳಗೆ ಬಂದು
'ಬೀಸಾ ಮಾಡಿ ಕೊಡು' ಅಂದಳು.

ಬೀಸೋದಾದರೆ ಗಿರಣಿ ಆಚೆ ಓಣಿ, ಅಜ್ಜಿ.
ನಗಲಿಲ್ಲ. ಸೆರಗಿನ ಗಂಟು ಬಿಚ್ಚಿ
ಪಾಸ್‌ಪೋರ್ಟು ತೆಗೆದಳು. ಹೊಸದು,
ಅಂಚಿಗೆ ಅರಿಶಿನ ಹತ್ತಿದ್ದು,
ಒಳಗೆ ಒಂದೂ ಠಸ್ಸೆ ಬೀಳದ್ದು.

ಹುಟ್ಟಿದ ದೇಶ? ಕೇಳಿತು ಕಂಪ್ಯೂಟರು.
ಆಕೆ ಹೇಳಿದ ಹೆಸರು ಪಟ್ಟಿಯಲ್ಲಿ ಇರಲಿಲ್ಲ.
ಹುಟ್ಟಿದಾಗ ಇತ್ತಂತೆ. ಇವರು ಬಿಟ್ಟು ಬಂದ ಮರುವರ್ಷವೇ ಹೋಯಿತು,
ಹೊಳೆ ದಾಟುವಾಗ ಕಾಲಿಂದ ಜಾರಿದ ಚಪ್ಪಲಿ ಹೋದ ಹಾಗೆ.
ಪಟ್ಟಿಯನ್ನು ತಳದ ತನಕ ಇಳಿಸಿ, ಮತ್ತೆ ಮೇಲೆ ಹತ್ತಿಸಿ
ಒಂದರ ಮೇಲೆ ಒತ್ತಿದೆ.
'ಅದೇನಾ?' ಅಂದಳು.
'ಅದೇ ಜಾಗ' ಅಂದೆ,
ಸರ್ವೇ ನಂಬರು ಬದಲಾದ ಹೊಲದವರಿಗೆ ಹೇಳೋ ಧಾಟಿಯಲ್ಲಿ.

ಉದ್ಯೋಗ? ನಾಟಿ, ಕಳೆ. ಇಪ್ಪತ್ತು ವರ್ಷ ಮೀನು ಮಾರಿದ್ದು.
ಗುರುತಿನ ಕಲೆ? ಮೊಣಕೈಗೆ ಹಾವು ಕಚ್ಚಿದ್ದು.
ಇಲ್ಲಿಯ ಹಾವು, ಅಂತ ಒತ್ತಿ ಹೇಳಿದಳು:
ಕ್ಯಾಂಪಿಗೆ ಬಂದ ಮೊದಲ ಬ್ಯಾಸಗಿ, ಜಾಲಿ ಕಡಿಯುವಾಗ.
ಅಲ್ಲಿ ಪರಿಚಯದವರು ಯಾರು?
ತಲೆ ಅಲ್ಲಾಡಿಸಿ, ನನ್ನ ಮೇಜಿನ ಗಾಜಿನ ಮೇಲೆ
ಉಗುರಿನಿಂದ ಒಂದು ಹೊಂಡ ಬರೆದಳು.

ಭೇಟಿಯ ಉದ್ದೇಶ?
ಅಲ್ಲಿಗೆ ಬಂದು ಕೆಲಸ ನಿಂತಿತು.

ನೆಗೆಣ್ಣಿ ಶೆಫಾಲಿ. ಒಂದೇ ಮನೆ ಸೇರಿದವರು, ಒಂದೇ ದೋಣಿ ಹತ್ತಿದವರು.
ಆ ಮನೆಯ ಹಿಂದೆ ಹೊಂಡ, ಹೊಂಡಕ್ಕೆ ಮೆಟ್ಟಿಲು,
ಮೆಟ್ಟಿಲ ಹತ್ತಿರ ಒಂದು ಗಾಬ್ ಮರ. ಬಲೆಗೆ ಅದರ ಕಾಯಿಯ ಬಣ್ಣ.
ಎಡಕ್ಕಿತ್ತು ಎಂದು ಈಕೆ. ಬಲಕ್ಕಿತ್ತು ಎಂದು ಆಕೆ.
ಐವತ್ತೆರಡು ವರ್ಷ. ಭತ್ತ ಒಕ್ಕುವಾಗ, ಬಾಣಂತನದಾಗ,
ರಾಯಚೂರಿನ ದವಾಖಾನೆಯ ಮಂಚದ ಮೇಲೆ
ಮೂಗಿಗೆ ನಳಿಗೆ ಹಾಕಿದಾಗಲೂ.
'ಹೋದ ಶ್ರಾವಣ ಶೆಫಾಲಿ ಸತ್ತೋಯ್ತು' ಅಂದಳು.
(ಆಕೆಯ ಕನ್ನಡದಾಗ ಗಂಡಿಲ್ಲ, ಹೆಣ್ಣಿಲ್ಲ.
ನಾನು, ದನ, ದೇವರು, ತಹಶೀಲ್ದಾರ, ಎಲ್ಲ 'ಅದು'.)
'ಬಲಕ್ಕೇ ಅಂತ ಹೇಳಿ ಸತ್ತೋಯ್ತು. ನಾ ಸುಮ್ಮನಿದ್ದೆ.
ಈಗ ನೋಡಿ ಬರಬೇಕು.'

ಇನ್ನೇನಾದರೂ ಹೇಳುತ್ತಾಳೆಂದು ಕಾದೆ.
ಮಣ್ಣು, ನೆನಪು, ಸಾಯೋದ್ರೊಳಗೆ ಒಮ್ಮೆ, ಹೀಗೆ ಏನಾದರೂ.
ಇಲ್ಲ. ಮರ ಒಂದೇ.

ಅದಕ್ಕೆ ಫಾರ್ಮಿನಲ್ಲಿ ಮನೆಯಿಲ್ಲ. 'ಪ್ರವಾಸ' ಅಂತ ಒತ್ತಿ
ಕಳ್ಳನ ಹಾಗೆ ತಿರುಗಿ ನೋಡಿದೆ. ಆಕೆ ಆಗಲೇ
ಬಿಳಿ ಪರದೆಗೆ ಬೆನ್ನು ಕೊಟ್ಟು ಫೋಟೋಕ್ಕೆ ಕೂತಿದ್ದಳು,
ಎರಡೂ ಕಿವಿ ಕಾಣಬೇಕಂತ ಸೆರಗು ಸರಿಸಿ,
ಉಸಿರು ಹಿಡಿದು.

ತಿರುಗಿ ಬರುತ್ತೀರಿ ಅನ್ನೋದಕ್ಕೆ ಆಧಾರ ಬೇಕಂತೆ ಅಜ್ಜಿ.
'ಪಹಣಿ ಹಾಕು. ಎಡದಂಡೆಗೆ ನೀರು ಬಿಟ್ಟರೆ ಸಸಿ ಹಚ್ಚಬೇಕು.
ಬರದೆ ಏನು?'
ಎಡದಂಡೆ ಅನ್ನುವಾಗ ಎತ್ತಿ ತೋರಿಸಿದ್ದು
ಬಲಗೈ.
ನಾನು ಏನೂ ಅನ್ನಲಿಲ್ಲ.

ಕರೆಂಟು ಒಮ್ಮೆ ಹೋಯಿತು, ಬಂತು. ಮೊದಲಿಂದ ತುಂಬಿಸಿದೆ.
ಆ ದೇಶವನ್ನು ಎರಡನೇ ಸಲ ಹುಡುಕುವುದು ಸುಲಭವಾಯಿತು.
ಕಾಗದದ ಮೇಲೆ ಕಾಗದ ಇಟ್ಟು, ಪಿನ್ನು ಹೊಡೆದು,
ಚೆನ್ನೈ ಗಾಡಿ ರಾಯಚೂರಿಗೆ ಎಷ್ಟಕ್ಕೆ ಬರುತ್ತದೆಂದು
ಪ್ಲಾಸ್ಟಿಕ್ ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆದೆ.

ಎಷ್ಟಾಯ್ತು?
ಎರಡು ನೂರು.
ನೂರೈವತ್ತು ಎಣಿಸಿ ಇಟ್ಟು, ಕೊಡೆ ತಗೊಂಡು
'ಉಳಿದಿದ್ದು ಬಂದ ಮೇಲೆ' ಅಂದಳು.

ಉದ್ರಿ ವಹಿ ತೆಗೆದು ಬರೆದುಕೊಂಡೆ:
ಕಾನನಬಾಲಾ, ಮೂರನೇ ಕ್ಯಾಂಪು.
ಐವತ್ತು. ಬಂದ ಮೇಲೆ.