ನಡುವಿನ ಹೊತ್ತು

ಬ್ಲಾಕ್ಸ್‌ವಿಚ್ ರಸ್ತೆಯ ಬಸ್ ಸ್ಟಾಪಿನಲ್ಲಿ
ಬೆಳಿಗ್ಗೆ ಆರೂ ಹತ್ತಕ್ಕೆ
ಬ್ವಾಲ್ಯಾ ನೋಟ್‌ಬುಕ್ಕು ತೆಗೆಯುತ್ತಿದ್ದಳು.
ಬಲಗೈ ಗವಸಿನ ಎರಡು ಬೆರಳು ಕತ್ತರಿಸಿದ್ದು
ಪೆನ್ನು ಹಿಡಿಯಲಿಕ್ಕೆಂದೇ.

ಮೊದಲ ಮನೆ ಮಿಸೆಸ್ ಪ್ರಿಚರ್ಡ್. ಹದಿನೈದು ನಿಮಿಷ.
ಮೈ ಒರೆಸು, ಮಾತ್ರೆ ಕೊಡು, ಟೀ ಮಾಡು.
ಬೆಕ್ಕಿಗೆ ಹಾಲು; ಅದು ಪಟ್ಟಿಯಲ್ಲಿಲ್ಲ.
ಎರಡನೇ ಮನೆಗೆ ಮೂವತ್ತೆಂಟು ನಿಮಿಷದ ದಾರಿ.
ದಾರಿಗೆ ಸಂಬಳವಿಲ್ಲ.
ಕಂಪನಿ ಕೊಟ್ಟ ಫೋನು ಬಾಗಿಲು ತೆರೆದರೆ ಎಚ್ಚರಾಗುತ್ತದೆ,
ಮುಚ್ಚಿದರೆ ನಿದ್ದೆ ಹೋಗುತ್ತದೆ.
ನಡುವೆ ನಡೆಯುವವಳು ಯಾರೆಂದು
ಅದಕ್ಕೆ ಗೊತ್ತಿಲ್ಲ.

ಅವಳು ನಡುವಿನದ್ದನ್ನೇ ಬರೆದಳು.
ಮಂಗಳವಾರ, ನಾಲ್ಕು ಗಂಟೆ ಆರು ನಿಮಿಷ.
ಬುಧವಾರ ಹಿಮ, ಐದು ಗಂಟೆ.
ಎಡ ಬೂಟಿನ ಅಟ್ಟೆ ಕಿತ್ತದ್ದು ಕೂಡ.

ಅಪ್ಪ ಕಲಿಸಿದ್ದು, ಅಂದಳು.
ಕಿಟ್ವೆಯ ತಾಮ್ರದ ಗಣಿಯಲ್ಲಿ ಸಂಘದ ಕಾರ್ಯದರ್ಶಿ.
ಬಿಳಿಯರು ಹೋದಮೇಲೂ ಮುಷ್ಕರ ಹೂಡಿದ್ದಕ್ಕೆ
ತಾವೇ ಆರಿಸಿದ ಸರ್ಕಾರ
ತಮ್ಮದೇ ಭಾಷೆಯಲ್ಲಿ ಬೈದು
ಒಂಬತ್ತು ವಾರ ಒಳಗಿಟ್ಟಿತಂತೆ.
"ವೋಟು ಹಾಕಿದ ಕೈ," ಅನ್ನುತ್ತಿದ್ದನಂತೆ,
"ಆಮೇಲೆ ಜೇಬಿನಲ್ಲೇ ಇರಬೇಕಾ?"

ನಾನು ಮಾರಿಕುಪ್ಪಂನವಳು.
ತಾತ ಚಾಂಪಿಯನ್ ರೀಫಿನಲ್ಲಿ ಇಳಿದಷ್ಟು ಆಳವನ್ನು
ಯಾರೂ ಬರೆದಿಡಲಿಲ್ಲ.
ಅವರು ಕೆಮ್ಮಿದರು, ಅಷ್ಟೇ.
ಅವಳ ನೀಟಾದ ಕಾಲಂ ಕಂಡು
ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.

ಚರ್ಚಿನ ಹಿಂದಿನ ಕೋಣೆಯಲ್ಲಿ ಸಭೆ.
ಹನ್ನೊಂದು ಜನ, ಒಂದೇ ಹೀಟರು.
ಸಹಿಯ ಹಾಳೆ ನನ್ನ ಹತ್ತಿರ ಬಂದಾಗ
ವೀಸಾ ನೆನಪಾಯಿತು, ವೀಸಾ ಕಂಪನಿಯ ಮುಷ್ಟಿಯಲ್ಲಿರುವುದೂ.
ಪಕ್ಕದವಳಿಗೆ ದಾಟಿಸಿದೆ,
ಉಪ್ಪಿನಕಾಯಿ ಬೇಡ ಅನ್ನುವವರ ಹಾಗೆ.
ಬ್ವಾಲ್ಯಾ ನೋಡಿದಳು. ಏನೂ ಅನ್ನಲಿಲ್ಲ.

ಮ್ಯಾನೇಜರು ಅಂದ, ನಾವೆಲ್ಲ ಒಂದೇ ಕುಟುಂಬ.
ಅವಳು ಕೇಳಿದಳು,
ಯಾವ ತಾಯಿ ಮಕ್ಕಳನ್ನು ನಿಮಿಷ ಎಣಿಸಿ ಸಾಕುತ್ತಾಳೆ?

ಈ ವಾರ ರೋಟಾದಲ್ಲಿ ಅವಳ ಹೆಸರಿಲ್ಲ.
ಅವಳ ಮನೆಗಳು ನನಗೆ ಬಂದವು, ಬೂಟಿನ ಸಮೇತ ಅಲ್ಲ.
"ಆ ಹುಡುಗಿ ಎಲ್ಲಿ?" ಮಿಸೆಸ್ ಪ್ರಿಚರ್ಡ್ ಕೇಳುತ್ತಾರೆ,
ಒದ್ದೆ ಬಟ್ಟೆ ಹಿಡಿದ ನನ್ನ ಕೈ ಹಿಡಿದು.
ಉತ್ತರಕ್ಕೆ ಹದಿನೈದು ನಿಮಿಷ ಸಾಲದು.
ಬೆಕ್ಕು ಖಾಲಿ ಬಟ್ಟಲ ಮುಂದೆ ಕೂತಿದೆ.

ಬಾಗಿಲು ಮುಚ್ಚಿದೆ. ಫೋನು ಮಲಗಿತು.
ಔಷಧಿ ಚೀಟಿಯ ಬೆನ್ನ ಮೇಲೆ,
ಗೇಟಿಗೆ ಒರಗಿ, ಕನ್ನಡ ಅಂಕಿಗಳಲ್ಲಿ,
ಬರೆದೆ:
ಗುರುವಾರ. ೭-೩೧. ಹೊರಟೆ.