ಷರಾ

ಲಾರಿ ಹತ್ತುತ್ತದೆ, ಕಾಟಾ ನಡುಗುತ್ತದೆ,
ಅಂಕಿ ನಿಲ್ಲುವ ತನಕ ನಾನು ಉಸಿರು ಬಿಡುವುದಿಲ್ಲ.
ಇಪ್ಪತ್ತೊಂದು ವರ್ಷದ ಚಟ.
ಅರವತ್ತೆರಡು ಟನ್ ಬೆಟ್ಟ.
ಸಹಿ, ಸೀಲು, ಮುಂದಿನದು.
ರಾಸ್ ಅಲ್ ಖೈಮಾದ ಬೆಟ್ಟ ಹೀಗೆ ಚೀಟಿ ಚೀಟಿಯಾಗಿ
ಖೋರ್ ಖ್ವೈರಿನ ಹಡಗು ಸೇರುತ್ತದೆ.

ಮೊನ್ನೆ ನಸುಕಿಗೆ, ಕಡಲ ಕಡೆಯ ಮಂಜು
ಕ್ರಷರಿನ ದೂಳಿಗೆ ಅಂಟಿ ಇಳಿಯುವ ಹೊತ್ತು,
ಡ್ರಿಲ್ಲಿಂಗಿನ ದೋರಾಬ್ ಖಾನ್ ಕೂಗಿದ:
'ಮುನ್ಷೀ, ಬಾ ಇಲ್ಲಿ, ಕಲ್ಲಿಗೆ ಮೀಸೆ ಬಂದಿದೆ.'

ಮದ್ದು ತುಂಬಲು ಕೆಂಪು ಗುರುತು ಬಳಿದ ಬಂಡೆ.
ಬಿರುಕಿನಲ್ಲಿ, ಅಕ್ಕಿಕಾಳಿಗಿಂತ ತುಸು ಉದ್ದ,
ಕಲ್ಲಿನದೇ ಬಣ್ಣ, ಗೂನು ಬೆನ್ನು,
ಹಿಂದೆ ಮೂರೆಳೆ ಬಾಲ,
ನೆತ್ತಿಯಲ್ಲಿ ಒಂದಕ್ಕೊಂದು ತಾಗಿಕೊಂಡ ಕಣ್ಣು.
ಬೆರಳು ಚಾಚಿದೆ.
ಚಂಗನೆ ನೆಗೆಯಿತು,
ರೆಕ್ಕೆಯಿಲ್ಲದೆ, ಮೈಯನ್ನೇ ಬಿಲ್ಲು ಮಾಡಿ.

ಬೆರಳಲ್ಲಿ ಉಳಿದದ್ದು ಒಂಚೂರು ಬೂದಿ ಹೊಳಪು:
ಗಂಗೊಳ್ಳಿಯ ದಕ್ಕೆಯಿಂದ ಬಂದ ಅಪ್ಪನ ಅಂಗೈ.

ಸರ್ವೇಗೆ ಬಂದಿದ್ದ ರಯ್ಯಾ ಮೊಣಕಾಲೂರಿ ಹೇಳಿದಳು:
ರೆಕ್ಕೆ ಕಳಕೊಂಡ ಕುಲವಲ್ಲ ಇದು,
ಇದಕ್ಕೆ ರೆಕ್ಕೆ ಬಂದೇ ಇಲ್ಲ.
ಮೊದಲ ಹುಳ ಆಕಾಶಕ್ಕೇರುವ ಮುಂಚೆಯೇ
ಇವು ಕಲ್ಲಿನ ಪಾಚಿ ಕೆರೆಯುತ್ತಿದ್ದವು,
ಇಬ್ಬನಿಯನ್ನು ಹೊಟ್ಟೆಯ ಚರ್ಮದಿಂದ ಹೀರುತ್ತ.
ಬೆಳೆದ ಮೇಲೂ ಪೊರೆ ಬಿಡುತ್ತವೆ, ಸಾಯುವ ತನಕ.
ಬಿಡುವ ಮೊದಲು ಕಲ್ಲಿಗೆ ತನ್ನನ್ನು ತಾನೇ ಅಂಟಿಸಿಕೊಳ್ಳಬೇಕು.
ಅಂಟು ಹಿಡಿಯದಿದ್ದರೆ
ಹಳೆಯ ಚರ್ಮದೊಳಗೇ ಮುಗಿಯಿತು.

ಹೆಸರೇನು? ಎಂದೆ.
ಈ ಬೆಟ್ಟದ್ದಕ್ಕೆ ಇನ್ನೂ ಇಟ್ಟಿಲ್ಲ, ಎಂದಳು.
ಸೀಸೆಯಲ್ಲಿ ಎರಡು ಒಯ್ದಳು. ವರದಿಗೆ ಮೂರು ತಿಂಗಳು.
ಗುರುವಾರಕ್ಕೆ ಮೂರು ದಿನ.

ನನ್ನ ಟ್ರಂಕಿನ ತಳದಲ್ಲಿ
ಮೂಲೆ ಕತ್ತರಿಸಿದ ಎರಡು ಪಾಸ್‌ಪೋರ್ಟ್.
ರಬ್ಬರ್ ಬ್ಯಾಂಡ್ ಬಿಚ್ಚಿ ಆ ರಾತ್ರಿ ನೋಡಿದೆ,
ಒಂದರಲ್ಲಿ ಮೀಸೆಯಿದೆ, ಒಂದರಲ್ಲಿ ಕೂದಲು.
ಯಾವುದಕ್ಕೆ ಅಂಟಿಕೊಂಡು ಇವುಗಳಿಂದ ಹೊರಬಂದೆನೋ.
ಕಾಟಾದ ಕಬ್ಬಿಣಕ್ಕೇ ಇರಬೇಕು.

ಗುರುವಾರ ಸಿಡಿಯಿತು. ಮಧ್ಯಾಹ್ನಕ್ಕೆ ಬಂತು,
ಕೆಂಪು ಬಣ್ಣದ ಚೂರುಗಳ ಲಾರಿ.
ಟಾರ್ಚು ಹಿಡಿದು ಹತ್ತಿದೆ, ಹಾಡುಹಗಲು,
ಡ್ರೈವರ್ ಹಾರ್ನ್ ಒತ್ತಿದ, ಬೈದ, ಆಮೇಲೆ ಸುಮ್ಮನಾದ.
ಏನೂ ಕಾಣಲಿಲ್ಲ.

ಇಪ್ಪತ್ತು ಕಿಲೋದ ಕೆಳಗಿನದು
ನನ್ನ ಕಾಟಾಕ್ಕೂ ಕಾಣದು.
ಚೀಟಿಯ ಕೊನೆಗೊಂದು ಷರಾ ಕಾಲಮ್ಮಿದೆ,
ಇಷ್ಟು ವರ್ಷ ಒಂದಕ್ಷರ ಬಿದ್ದಿರಲಿಲ್ಲ.
ಬರೆದೆ, ಕನ್ನಡದಲ್ಲಿ:
ಇದರೊಳಗೆ ಜೀವ ಇದ್ದರೂ ಇರಬಹುದು.

ಬಂದರಿನಲ್ಲಿ ಆ ಲಿಪಿ ಬಲ್ಲವರಿಲ್ಲ.
ಸೀಲು ಅದರ ಮೇಲೇ ಬಿತ್ತು.